ಖೈರೂ ಒದ್ದ ಒಂದು ಒದೆ

ನಮ್ಮ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆ. ಹಾಕಲಿ ಬಿಡಿ, ಅದರ ಹಕ್ಕು. ಆದರೆ ಬಾಣಂತನಕ್ಕೆ ಅದು ಆರಿಸಿಕೊಂಡ ಜಾಗ ನೋಡಿ ನನಗೆ ಕಸಿವಿಸಿಯಾಯಿತು. ಅಲ್ಲಿ ಹಳೆಯ ಜಮಖಾನೆ ಇತ್ತು, ಕಡಲೆಯ ಖಾಲಿ ಚೀಲಗಳಿದ್ದವು, ನಮ್ಮತ್ತೆಯವರ ಕಾಲದ ಕೌದಿಯೂ ಇತ್ತು. ಅಷ್ಟನ್ನೂ ಬಿಟ್ಟು ಅದು ನನ್ನ ಎದೆಗವಚದೊಳಗೆ ಸಂಸಾರ ಹೂಡಿದೆ.

ಎದೆಗವಚ ಎಂದ ಕೂಡಲೇ ನನ್ನನ್ನು ಯಾವುದೋ ವೀರವನಿತೆಯ ವಂಶದವಳೆಂದು ತಿಳಿಯಬೇಡಿ. ಟೇಕ್ವಾಂಡೊ ಆಡುವಾಗ ಎದುರಿನವರ ಒದೆ ತಾಗಿ ಪಕ್ಕೆ ಮುರಿಯದಿರಲಿ ಎಂದು ಕಟ್ಟಿಕೊಳ್ಳುವ ದಪ್ಪನೆಯ ಸ್ಪಂಜಿನ ಅಂಗಿ ಅದು. ಒಂದು ಬದಿ ನೀಲಿ, ಇನ್ನೊಂದು ಬದಿ ಕೆಂಪು. ನನಗೀಗ ನಲವತ್ತೈದರ ಮೇಲಾಗಿದೆ, ಮೆಟ್ಟಿಲು ಹತ್ತಿದರೆ ಮಂಡಿಗಳು ಪರಸ್ಪರ ಮಾತಾಡುತ್ತವೆ. ಇಂಥವಳ ಮನೆಯಲ್ಲಿ ಇಂಥದ್ದೊಂದು ವಸ್ತು ಹೇಗೆ ಬಂತು ಎಂದು ಬೆಕ್ಕಿಗೂ ಅನ್ನಿಸಿರಬಹುದು.

"ಅವ್ವಾ, ಇನ್ನ ಅದನ್ನ ಬೆಕ್ಕಿಗೆ ಬಿಟ್ಟಬಿಡು," ಎಂದಳು ಮಗಳು ಅಂಕಿತಾ. "ನಿನಗಿಂತ ಅದಕ್ಕ ಛಲೋ ಉಪಯೋಗ ಆಗೇತಿ."

ಮಾತು ನಿಜವೇ. ಅದನ್ನು ಕಟ್ಟಿಕೊಂಡೂ ನನ್ನ ಪಕ್ಕೆಲುಬು ಮುರಿದಿತ್ತು. ಅದರ ಕತೆ ಹೇಳಬೇಕೆಂದರೆ ಖೈರುನ್ನಿಸಾಳ, ಅಂದರೆ ನಮ್ಮ ಖೈರೂಳ ಕತೆ ಹೇಳಬೇಕು.

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ. ಮನೆಯಲ್ಲೇ ಕೂತು ಕೂತು ಅಣ್ಣಿಗೇರಿಯ ಮಕ್ಕಳೆಲ್ಲ ಕುಂಬಳಕಾಯಿಯ ಹಾಗೆ ಆಗಿದ್ದವು. ಆಗ ಹುಬ್ಬಳ್ಳಿಯಿಂದ ವಿನಾಯಕ ಎಂಬ ಮಾಸ್ತರರು ಶನಿವಾರ, ರವಿವಾರ ಬಂದು ಟೇಕ್ವಾಂಡೊ ಕಲಿಸತೊಡಗಿದರು. ಅವರು ಬರುತ್ತಿದ್ದದ್ದು ಪ್ಯಾಸೆಂಜರ್ ಗಾಡಿಗೆ. ಹೀಗಾಗಿ ಕ್ಲಾಸು ಶುರುವಾಗುವ ಹೊತ್ತು ಮಾಸ್ತರರ ಕೈಯಲ್ಲಿರಲಿಲ್ಲ, ರೈಲಿನ ಕೈಯಲ್ಲಿತ್ತು. ಗಾಡಿ ಕೂಗಿದ್ದು ಕೇಳಿದ ಮೇಲೆ ಮಕ್ಕಳು ಬಿಳಿ ಅಂಗಿ ಹಾಕಿಕೊಂಡು ಓಡುತ್ತಿದ್ದವು. ಕಲಿಸುತ್ತಿದ್ದದ್ದು ನಮ್ಮ ಮನೆಯವರ ಸಂಬಂಧಿಕರೊಬ್ಬರ ಖಾಲಿ ವಖಾರದಲ್ಲಿ. ಕಾಳು ದಾಸ್ತಾನು ಮಾಡುವ ಆ ವಖಾರದಲ್ಲಿ ಅದಕ್ಕೂ ಹಿಂದಿನ ವರ್ಷ ಒಣಮೆಣಸಿನಕಾಯಿ ತುಂಬಿದ್ದರು. ಮಕ್ಕಳು "ಹಾ!" ಎಂದು ಒದೆಯುವ ಬದಲು "ಹಾಕ್ಷಿ!" ಎಂದು ಒದೆಯುತ್ತಿದ್ದವು.

ಅಂಕಿತಾಳನ್ನು ಬಿಟ್ಟು, ಕ್ಲಾಸು ಮುಗಿಯುವವರೆಗೆ ನಾನು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಅದೇ ಕಟ್ಟೆಯ ಇನ್ನೊಂದು ತುದಿಗೆ ಖೈರುನ್ನಿಸಾ ಕೂಡುತ್ತಿದ್ದಳು. ಅವಳ ಮಗನೂ ಅದೇ ಕ್ಲಾಸಿಗೆ ಬರುತ್ತಿದ್ದ. ಅವಳ ಗಂಡ ದಸ್ತಗೀರ್ ಹತ್ತಿ ತುಂಬಿ ಗಾದಿ ಹೊಲಿಯುವವನು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ತೆಳ್ಳನೆಯ ಆಳು, ಮಾತು ಇನ್ನೂ ತೆಳ್ಳಗೆ. ತಿಂಗಳುಗಟ್ಟಲೆ ನಾವಿಬ್ಬರೂ ಹೀಗೆ ಕಟ್ಟೆಯ ಎರಡು ತುದಿ ಕಾದೆವು.

ಒಂದು ದಿನ ಮಾಸ್ತರರು ಬಾಗಿಲಿಗೆ ಬಂದು ಕರೆದರು, "ಅಕ್ಕಾರ, ಇಲ್ಲಿ ಕುಂತ ಕುಂತ ಕಟ್ಟಿ ಸವಿಯೂ ಹಂಗ ಆಗೇತಿ. ಒಳಗರ ಬರ್ರಿ. ಒಂದ ಜೋಡಿ ಕಡಿಮಿ ಬಿದ್ದೇತಿ."

ನಾನು ನಕ್ಕೆ. ಖೈರೂ ನಗಲಿಲ್ಲ. ಎದ್ದು, ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಒಳಗೆ ನಡೆದೇಬಿಟ್ಟಳು. ಒಳಗೆ ಹೋದವಳನ್ನು ನೋಡಿ ಹೊರಗೆ ಉಳಿಯುವುದು ನನ್ನ ಜಾಯಮಾನವಲ್ಲ. ನಾನೂ ಸೆರಗು ಸಿಕ್ಕಿಸಿದೆ.

ಮನೆಯಲ್ಲಿ ಸುದ್ದಿ ಗೊತ್ತಾದಾಗ ನಮ್ಮತ್ತೆ ಬಾಯಿಗೆ ಹಾಕುತ್ತಿದ್ದ ಎಲೆಯನ್ನು ಅರ್ಧಕ್ಕೇ ತಡೆದು, "ಒದಿಯೂದು ಕಲಿಯಾಕ ಸಾಲಿಗೆ ಹೋಗಬೇಕಾ? ನಮ್ಮ ಕಾಲಕ್ಕ ಸಿಟ್ಟ ಬಂದ್ರ ತಾನಾ ಬರ್ತಿತ್ತು," ಎಂದರು.

ಒದೆ ಎಂದರೆ ನನಗೆ ನೆನಪಾಗುವುದು ಸಂಶಿಯ ನನ್ನ ತವರುಮನೆಯ ಎಮ್ಮೆ. ಅದರ ಹೆಸರು ಗೌರಿ, ಗುಣ ಮಾತ್ರ ಫೌಜದಾರನದು. ಹಿಂಡಲು ಹೋದವರನ್ನು ಚರಿಗೆ ಸಮೇತ ಉರುಳಿಸುತ್ತಿತ್ತು. ನಾನು ಹಿಂಡಲು ಕಲಿಯುವಾಗ ಅಂಜಿಕೊಂಡು ಮಾರುದೂರ ಕೂತು ಕೈ ಚಾಚುತ್ತಿದ್ದೆ. ಅಜ್ಜಿ ಬೈಯುತ್ತಿದ್ದಳು: "ಲೇ, ದೂರ ಕುಂತ್ರ ಒದೀತೈತಿ. ಅದರ ತೊಡಿಗೆ ಹಣಿ ಹಚ್ಚಿ ಕೂಡು. ಕಾಲ ಬೀಸಾಕ ಅದಕ್ಕ ಜಾಗಾ ಸಿಗಬಾರದು." ನಾನು ಹಣೆ ಹಚ್ಚಿ ಕೂತೆ. ಗೌರಿ ಒದೆಯಲಿಲ್ಲ, ಬಾಲದಿಂದ ಕೆನ್ನೆಗೆ ಬಿಟ್ಟಿತು. ಸಗಣಿ ಹತ್ತಿದ ಬಾಲ. ಆ ಬಾಲಕ್ಕೆ ಅಜ್ಜಿಯ ಬಳಿಯೂ ಉಪಾಯವಿರಲಿಲ್ಲ.

ವಖಾರದಲ್ಲಿ ಈ ಕತೆ ಹೇಳಿದಾಗ ಮಾಸ್ತರರು ಬಹಳ ಹೊತ್ತು ನಕ್ಕರು. ಆಮೇಲೆ ಅದನ್ನೇ ಪಾಠ ಮಾಡಿಬಿಟ್ಟರು. ಎದುರಿನವರು ಒದೆಯಲು ಬಂದಾಗ ಮೂರು ದಾರಿ: ಮೈಗೆ ಮೈ ಹತ್ತುವ ಹಾಗೆ ಒಳನುಗ್ಗಿ ಒದೆಗೆ ಜಾಗವೇ ಇಲ್ಲದಂತೆ ಮಾಡುವುದು, ಇಲ್ಲವೇ ಅರ್ಧ ಹೆಜ್ಜೆ ಹಿಂದೆ ಸರಿದು, ಅವರ ಕಾಲು ನೆಲಕ್ಕೆ ಬೀಳುವ ಹೊತ್ತಿಗೆ ನಮ್ಮದನ್ನು ಎತ್ತುವುದು, ಇವೆರಡಕ್ಕಿಂತ ಕಷ್ಟದ್ದು, ಅವರ ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಗರಕ್ಕನೆ ಬೆನ್ನು ತಿರುಗಿಸಿ ಹಿಮ್ಮಡಿಯಿಂದ ನೆಟ್ಟಗೆ ಒದೆಯುವುದು. ಹೀಗೆ ಒದೆಗೆ ಮರು ಒದೆ ಕೊಡುವುದಕ್ಕೆ ಕೌಂಟರ್ ಎಂದೂ, ಕೊನೆಯದಕ್ಕೆ ಬ್ಯಾಕ್ ಕಿಕ್ ಎಂದೂ ಹೆಸರು.

"ಒದಿಯಾಕ ಬಂದಾಕಿ ಒಂದ ಕಾಲ ಮ್ಯಾಲೆ ನಿಂತಿರತಾಳ," ಎನ್ನುತ್ತಿದ್ದರು ಮಾಸ್ತರರು. "ನಿಮ್ಮನ್ನ ಅಂಜಿಸೂ ಹೊತ್ತಿನ್ಯಾಗ ಆಕಿನ ಅಗದಿ ಹಗರ ಇರತಾಳ. ಕಾಲ ನೋಡಬ್ಯಾಡ್ರಿ, ಟೊಂಕಾ ನೋಡ್ರಿ. ಕಾಲ ಸುಳ್ಳ ಹೇಳತೈತಿ, ಟೊಂಕಾ ಹೇಳೂದಿಲ್ಲ."

ನನಗೆ ಇದು ಎಂದೂ ಒಗ್ಗಲಿಲ್ಲ. ಕಾಯುವುದು ನನ್ನಿಂದ ಆಗದ ಕೆಲಸ. ಚಹಾ ಕುದಿಯುವ ಮೊದಲೇ ಸೋಸುವವಳು, ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಡುವವಳು ನಾನು. "ಶುರು" ಎಂದ ಕೂಡಲೇ ಬಲಗಾಲು ಬೀಸಿಕೊಂಡು ನುಗ್ಗುತ್ತಿದ್ದೆ. ಖೈರೂ ಹಾಗಲ್ಲ. ಕಣ್ಣು ಅರ್ಧ ಮುಚ್ಚಿದವಳ ಹಾಗೆ ನಿಂತಿರುತ್ತಿದ್ದಳು. ನನ್ನ ಒದೆ ಬಂದಾಗ ಇಷ್ಟೇ ಇಷ್ಟು ಸರಿಯುತ್ತಿದ್ದಳು. ನಾನು ಗಾಳಿಯನ್ನು ಒದ್ದು ತಿರುಗುವಷ್ಟರಲ್ಲಿ ಅವಳ ಪಾದ ನನ್ನ ಕವಚದ ಮೇಲೆ ಮೆತ್ತಗೆ ಕೂತಿರುತ್ತಿತ್ತು.

"ನೀ ಯಾಕ ಮೊದಲ ಒದಿಯಂಗಿಲ್ಲ?" ಎಂದು ಒಮ್ಮೆ ಕೇಳಿದೆ.

"ನಾಚಿಕಿ ಬರ್ತೈತ್ರಿ ಅಕ್ಕಾರ," ಎಂದಳು. "ಯಾರರ ಸುಮ್ನ ನಿಂತಾರ, ಹೋಗಿ ಒದಿ ಅಂದ್ರ ಹೆಂಗ ಒದಿಯೂದು? ನೀವ ಒದ್ದ ಮ್ಯಾಲೆ ನಾಚಿಕಿ ಹೋಗಿಬಿಡತೈತಿ."

ಅವಳ ಕೈಯಲ್ಲಿ ಬಿಳಿ ಅಂಗಿಯೂ ಚೆಂದ ಹುಟ್ಟಿತು. ಅಂಗಡಿಯಲ್ಲಿ ನಮ್ಮಳತೆಯವು ಸಿಗದೆ ಇದ್ದಾಗ ತಾನೇ ದಪ್ಪ ಬಟ್ಟೆ ತಂದು ಇಬ್ಬರಿಗೂ ಹೊಲಿದಳು. ನನ್ನ ಸೊಂಟದ ಅಳತೆ ತೆಗೆಯುವಾಗ ಟೇಪು ಎಳೆದು, "ಅಕ್ಕಾರ, ಟೊಂಕಾ ನೋಡ್ರಿ ಅಂತಾರ ಮಾಸ್ತರ. ನಿಮ್ಮದು ನೋಡದಿದ್ರೂ ಕಾಣತೈತಿ," ಎಂದಳು. ಕಟ್ಟೆಯ ತುದಿಗೆ ಮಾತಿಲ್ಲದೆ ಕೂಡುತ್ತಿದ್ದವಳು ಇವಳೇನಾ ಅನ್ನಿಸಿತು. ಇಬ್ಬರೂ ಎಷ್ಟು ನಕ್ಕೆವೆಂದರೆ ಒಳಗಿಂದ ದಸ್ತಗೀರ್ ಬಂದು ಏನಾಯಿತೆಂದು ನೋಡಿ ಹೋದ.

ದಸ್ತಗೀರ್ ಒಳ್ಳೆಯ ಮನುಷ್ಯ. ಹೆಂಡತಿ ಒದೆಯುವುದು ಕಲಿಯುತ್ತಾಳೆಂದು ಓಣಿಯವರು ಚೇಷ್ಟೆ ಮಾಡಿದರೆ, "ಹತ್ತಿ ಹದಾ ಮಾಡಾಕ ಬಡೀಬೇಕ್ರಿ. ಆಕಿ ಒದ್ದು ಕೊಟ್ರ ನನಗ ಕೆಲಸಾ ಹಗರ," ಎನ್ನುತ್ತಿದ್ದ. ಉದ್ದನೆಯ ಒಂದು ಗಾದಿಯನ್ನು ಬಿಗಿಯಾಗಿ ತುಂಬಿ, ಸುತ್ತಿ ಹೊಲಿದು, ವಖಾರದ ತೊಲೆಗೆ ತೂಗುಹಾಕಿಕೊಟ್ಟ. ಖೈರೂ ಅದಕ್ಕೆ ಬ್ಯಾಕ್ ಕಿಕ್ ಒದೆಯುತ್ತಿದ್ದಳು. ಒದೆಗೊಮ್ಮೆ ಹತ್ತಿಯ ಎಳೆ ಹಾರಿ ಅವಳ ಕೂದಲಲ್ಲಿ ಕೂಡುತ್ತಿತ್ತು. ಆ ಸದ್ದು ನನಗೆ ಇಷ್ಟವಾಗುತ್ತಿತ್ತು. ಮೂಟೆ ಇಳಿಸಿದ ಹಾಗೆ, ಒಂದೇ ಏಟಿನ, ತುಂಬಿದ ಸದ್ದು.

ಆದರೆ ಗಾದಿಗೆ ಒದ್ದ ಹಾಗೆ ಅವಳು ಮನುಷ್ಯರಿಗೆ ಒದೆಯುತ್ತಿರಲಿಲ್ಲ. ನನ್ನೆದುರು ಸರಿಯಾಗಿಯೇ ತಿರುಗುತ್ತಿದ್ದಳು, ಕಾಲು ಸರಿಯಾಗಿಯೇ ಬರುತ್ತಿತ್ತು, ಕವಚಕ್ಕೆ ಮೆತ್ತಗೆ ತಾಗಿ ಅಲ್ಲೇ ನಿಂತುಬಿಡುತ್ತಿತ್ತು. ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಅಕ್ಕಾರ, ಮುಟ್ಟಿದ್ರ ಪಾಯಿಂಟ ಇಲ್ರಿ. ಒದೀಬೇಕ್ರಿ!"

"ಅವರಿಗೆ ಹತ್ತೀತ್ರಿ ಮಾಸ್ತರ."

"ಮತ್ತ ಆ ಕವಚ ಯಾತಕ್ಕೈತ್ರಿ? ಚಂದ ಕಾಣಾಕೇನು?"

ಅಷ್ಟರಲ್ಲಿ ಧಾರವಾಡದಲ್ಲಿ ಒಂದು ಸ್ಪರ್ಧೆ ಏರ್ಪಾಡಾಯಿತು. ದೊಡ್ಡ ಹೆಂಗಸರಿಗೂ ಬೇರೆ ವಿಭಾಗವಿದೆ ಎಂದು ಮಾಸ್ತರರು ನಮ್ಮಿಬ್ಬರ ಹೆಸರನ್ನೂ ಕೊಟ್ಟರು. ನನಗೆ ಅದು ಒಂದು ಸಂಭ್ರಮ, ಅಷ್ಟೇ. ಹೋಗಿ, ಒಂದಿಷ್ಟು ಒದೆ ತಿಂದು, ಬರುವಾಗ ಪೇಡೆ ತಂದರಾಯಿತು ಎಂದುಕೊಂಡಿದ್ದೆ. ಖೈರೂಗೆ ಹಾಗಿರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಶಾಲೆಯಲ್ಲಿದ್ದಾಗ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದಳಂತೆ. ತಾಲೂಕಿಗೆ ಕಳಿಸಬೇಕೆಂದಾಗ ಮನೆಯಲ್ಲಿ ಯಾರಿಗೋ ಜಡ್ಡು ಬಂದು ಅದು ತಪ್ಪಿತ್ತು. ಇದನ್ನು ಅವಳು ನನ್ನ ಅಂಗಿಯ ಅಂಚು ಹೊಲಿಯುತ್ತ, ತಲೆ ಎತ್ತದೆ ಹೇಳಿದಳು.

"ಈ ಸಲ ಹೋಗೂಣ್ರಿ ಅಕ್ಕಾರ," ಎಂದಳು. "ಸೋತ್ರೂ ಅಡ್ಡಿ ಇಲ್ಲ. ಅಲ್ಲಿ ಹೋಗಿ ಸೋಲೂಣು."

ಸ್ಪರ್ಧೆಗೆ ವಾರವಿರುವಾಗ, ಒಂದು ರವಿವಾರ. ಅವತ್ತು ಗಾಡಿ ತಡವಾಗಿತ್ತು. ಮಾಸ್ತರರು ಬರುವವರೆಗೆ ಏನು ಮಾಡುವುದೆಂದು ನಾನು ಸ್ಟೇಷನ್ ರಸ್ತೆಯ ತಳ್ಳುಗಾಡಿಯಿಂದ ಗಿರಮಿಟ್ಟು ಚುರಮುರಿ, ಮಿರ್ಚಿ ಭಜಿ ತರಿಸಿದೆ. ಖೈರೂ ಒಂದು ಮುಟಿಗೆ ಗಿರಮಿಟ್ಟು ತಿಂದು ಬಿಟ್ಟಳು. ನಾನು ಅವಳ ಪಾಲಿನ ಮಿರ್ಚಿಯನ್ನೂ ಹಾಳಾಗಬಾರದೆಂದು ತಿಂದೆ. ಮಾಸ್ತರರು ಬಂದರು. ನಾವು ಯಾವಾಗಿನಂತೆ ಒಬ್ಬರ ಕವಚವನ್ನು ಇನ್ನೊಬ್ಬರು ಬೆನ್ನ ಹಿಂದೆ ಕಟ್ಟಿದೆವು. ಹೊಲಿಗೆಯವಳ ಗಂಟು, ಬಿಗಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯಲ್ಲಿನ ಮಿರ್ಚಿಗಳು ಜಾಗ ಸಾಲದೆಂದು ತಕರಾರು ತೆಗೆದವು. ನೀರು ಕುಡಿಯಲು ಹೋದಾಗ ದಾರ ಎಳೆದು ಸಡಿಲ ಮಾಡಿಕೊಂಡೆ. ಅದು ಯಾರಿಗೂ ಕಾಣಲಿಲ್ಲ. ನನಗೂ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ.

"ಇವತ್ತ ಒದ್ರ ಅಷ್ಟ ಧಾರವಾಡ," ಎಂದರು ಮಾಸ್ತರರು ಖೈರೂಗೆ. "ಇಲ್ಲಂದ್ರ ನಿಮ್ಮ ಹೆಸರ ತಗದಬಿಡತೇನಿ ನೋಡ್ರಿ."

ನಾನು ಬಲಗಾಲು ಬೀಸಿಕೊಂಡು ನುಗ್ಗಿದೆ. ಮರುಕ್ಷಣ ವಖಾರದ ಮೂಲೆಯ ಖಾಲಿ ಚೀಲಗಳ ಮೇಲೆ ಬಿದ್ದಿದ್ದೆ. ಕವಚ ಕೊರಳವರೆಗೆ ಏರಿ ಕೂತಿತ್ತು. ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಅಂಕಿತಾ ಅಳುವುದು ಕೇಳಿಸಿತು. ಆಮೇಲೆ ಯಾರದೋ ಕಾರು, ಹುಬ್ಬಳ್ಳಿಯ ರಸ್ತೆ, ಒಂದೊಂದು ತಗ್ಗೂ ಪಕ್ಕೆಯಲ್ಲಿ ದಾಖಲಾಗುತ್ತಿತ್ತು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು ಖೈರೂ. ಅವಳು ಏನೋ ದುವಾ ಓದುತ್ತಿದ್ದಳು, ನಡುನಡುವೆ "ಅಕ್ಕಾ, ಅಕ್ಕಾ" ಎನ್ನುತ್ತಿದ್ದಳು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ದೊಡ್ಡದೇನಲ್ಲ, ತಾನೇ ಕೂಡುತ್ತದೆ, ನಗಬಾರದು ಅಷ್ಟೇ ಎಂದರು ಡಾಕ್ಟರು. ನಗು ಬರುವ ಪರಿಸ್ಥಿತಿಯೂ ಇರಲಿಲ್ಲ. ನಮ್ಮ ಮನೆಯವರು ಕಾಳಿನ ಅಂಗಡಿ ಮುಚ್ಚಿ ಓಡಿ ಬಂದಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಳಿ ಅಂಗಿಯಲ್ಲೇ ನಿಂತಿದ್ದ ಖೈರೂಳನ್ನು ನೋಡಿ ಅವರ ಬಾಯಿಂದ ಒಂದು ಮಾತು ಬಂದುಬಿಟ್ಟಿತು.

"ಈ ವಯಸ್ಸಿನ್ಯಾಗ ಇದೆಲ್ಲಾ ಬೇಕಾಗಿತ್ತೇನ್ರಿ ನಿಮಗ?"

ಅಷ್ಟೇ. ಬೈಗುಳವಲ್ಲ, ಜಗಳವಲ್ಲ. ಅಂಜಿದ ಗಂಡಸಿನ ಮಾತು. ಆ 'ನಿಮಗ'ದಲ್ಲಿ ನಾನೂ ಇದ್ದೆ. ಆದರೆ ನಾನು ಬಾಗಿಲ ಆಚೆ ಔಷಧದ ಮಂಪರಿನಲ್ಲಿದ್ದೆ, ಎದುರಿಗೆ ನಿಂತವಳು ಅವಳೊಬ್ಬಳೇ. ಇಡೀ ಮಾತು ಅವಳೊಬ್ಬಳ ಪಾಲಿಗೇ ಹೋಯಿತು.

ಎಚ್ಚರವಾದ ಕೂಡಲೇ ನಾನು ಹೇಳಿದೆ, ದಾರ ಸಡಿಲ ಮಾಡಿಕೊಂಡವಳು ನಾನೇ ಎಂದು. ಮನೆಯವರಿಗೆ ಹೇಳಿದೆ, ಮಾಸ್ತರರಿಗೆ ಹೇಳಿದೆ, ಖೈರೂಗೆ ಫೋನಿನಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ನಮ್ಮ ಅಕ್ಕಾರ ಮನಸ್ಸು ದೊಡ್ಡದು, ಗೆಳತಿಯ ಮೇಲೆ ಮಾತು ಬರಬಾರದೆಂದು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಆಯುಷ್ಯದಲ್ಲಿ ಎಷ್ಟೋ ಸುಳ್ಳು ಹೇಳಿ ದಕ್ಕಿಸಿಕೊಂಡಿದ್ದೇನೆ. ಅದೊಂದು ಖರೆ ಮಾತ್ರ ದಕ್ಕಲಿಲ್ಲ.

ಧಾರವಾಡದ ಸ್ಪರ್ಧೆ ನಡೆದುಹೋಯಿತು. ನಾನು ಹಾಸಿಗೆಯಲ್ಲಿದ್ದೆ. ಖೈರೂ ಒಬ್ಬಳೇ ಹೋಗಬಹುದಿತ್ತು. ದಸ್ತಗೀರ್ ಕರೆದುಕೊಂಡು ಹೋಗಲು ತಯಾರಿದ್ದ, ಮಾಸ್ತರರು ಮನೆಗೆ ಬಂದು ಕೇಳಿಕೊಂಡರು. ಅವಳು ಹೋಗಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ನಾನು ನಮ್ಮ ಮನೆಯವರನ್ನೂ ಕರೆದುಕೊಂಡು ಅವಳ ಮನೆಗೆ ಹೋದೆ. ಅವರು ಅಷ್ಟು ಹೊತ್ತಿಗೆ ತಮ್ಮ ಮಾತಿಗೆ ಬಹಳ ನೊಂದಿದ್ದರು. ಗಾದಿಯ ಮೇಲೆ ಕೂತು, ಕೈ ಕೈ ಹಿಚುಕಿಕೊಂಡು, "ತಂಗಿ, ನಾ ಗಾಬರಿಯೊಳಗ ಅಂದ್ಬಿಟ್ಟೆ. ಮನಸ್ಸಿನ್ಯಾಗ ಇಟಗೋಬ್ಯಾಡ್ರಿ," ಎಂದರು.

"ಛೇ, ನೀವೇನ ತಪ್ಪ ಅಂದಿಲ್ರಿ ಅಣ್ಣಾರ," ಎಂದಳು ಖೈರೂ. ಚಹಾ ಕೊಟ್ಟಳು, ಬಿಸ್ಕಿಟು ಕೊಟ್ಟಳು, ನನ್ನ ಬೆನ್ನಿಗೆ ದಿಂಬು ಕೊಟ್ಟಳು. ನಾನು ಮತ್ತೆ ಕ್ಲಾಸಿಗೆ ಬರಲು ಕರೆದಾಗ ಮಾತ್ರ ತಲೆಯಾಡಿಸಿದಳು.

"ನನ್ನ ಕಾಲಿಗೆ ಅಂಜಿಕಿ ಬಂದೈತ್ರಿ ಅಕ್ಕಾರ. ಈಗ ಗಾದಿಗೂ ಒದಿಯಾಕ ಆಗವಲ್ದು. ಒದೀಬೇಕಂದ್ರ ನೀವು ಬಿದ್ದದ್ದ ಕಣ್ಣಿಗೆ ಬರತೈತಿ."

ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಸಿಟ್ಟಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. ಇವೆರಡೂ ಅಲ್ಲದ್ದಕ್ಕೆ ಏನು ಮಾಡುವುದು? ಹೋದಾಗೆಲ್ಲ ಅವಳು ನನ್ನನ್ನು ಗಾಜಿನ ಪಾತ್ರೆಯ ಹಾಗೆ ನೋಡಿಕೊಂಡಳು. ಭಾರ ಎತ್ತಬೇಡಿರಿ, ಮೆಟ್ಟಿಲು ಜ್ವಾಕಿರಿ ಎಂದಳು. ನನ್ನ ಸೊಂಟದ ಬಗ್ಗೆ ಮಾತ್ರ ಮತ್ತೆಂದೂ ಚೇಷ್ಟೆ ಮಾಡಲಿಲ್ಲ.

ನಾನು ಕೆಲವು ತಿಂಗಳು ಮತ್ತೆ ಕ್ಲಾಸಿಗೆ ಹೋದೆ. ಹೈಸ್ಕೂಲಿನ ಹುಡುಗಿಯರ ಜೊತೆ ಜೋಡಿ ಹಾಕಿದರು. ಅವರು ನನ್ನನ್ನು ಒದೆಯಲು ಹೆದರುತ್ತಿದ್ದರು, ನಾನು ಅವರನ್ನು ಹಿಡಿಯಲಾರದೆ ಏದುಸಿರು ಬಿಡುತ್ತಿದ್ದೆ. ಕಣ್ಣು ಅರ್ಧ ಮುಚ್ಚಿ ನನಗಾಗಿ ಕಾಯುವವರು ಅಲ್ಲಿ ಯಾರೂ ಇರಲಿಲ್ಲ. ಮುಂದೆ ಮಾಸ್ತರರಿಗೆ ದೂರದ ಊರಲ್ಲಿ ನೌಕರಿ ಸಿಕ್ಕಿತು. ವಖಾರದಲ್ಲಿ ಮತ್ತೆ ಕಡಲೆ ಚೀಲ ಬಿದ್ದವು. ತೂಗುಹಾಕಿದ್ದ ಗಾದಿಯನ್ನು ಹಮಾಲರು ಇಳಿಸಿ, ಬಿಚ್ಚಿ, ಮಧ್ಯಾಹ್ನದ ನಿದ್ದೆಗೆ ಹಾಸಿಕೊಂಡರು.

ಹೋದ ತಿಂಗಳು ಅಂಕಿತಾಳ ಶಾಲೆಯ ಸಮಾರಂಭಕ್ಕೆಂದು ಒಂದು ಬ್ಲೌಸು ಹೊಲಿಸಬೇಕಿತ್ತು. ಖೈರೂಳ ಮನೆಗೆ ಹೋದೆ. ಸಂಜೆಯ ಹೊತ್ತು, ದಸ್ತಗೀರ್ ಗಾದಿ ಕೊಡಲು ನವಲಗುಂದಕ್ಕೆ ಹೋಗಿದ್ದ. ಅವಳು ಅಂಕಿತಾಳ ಹಳೆಯ ಬ್ಲೌಸಿನ ಅಳತೆ ತೆಗೆದಳು, ಮಗನ ಕಾಲೇಜಿನ ಸುದ್ದಿ ಹೇಳಿದಳು. ನಾನು ಹೊರಡಲು ಎದ್ದಾಗ, ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು, "ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು.

"ಕೇಳು."

"ಅವತ್ತಿನ ನನ್ನ ಒದಿಕಿ... ಹೆಂಗಿತ್ರಿ?"

ಬಾಗಿಲ ಕಡೆ ಹೊರಟಿದ್ದವಳು ತಿರುಗಿ ನೋಡಿದೆ.

"ನಾ ನೋಡೇ ಇಲ್ರಿ," ಎಂದಳು. "ನಿಮ್ಮ ಕಡೆ ಬೆನ್ನಿತ್ತು. ಕಾಲಿಗೆ ಹತ್ತಿದ್ದಷ್ಟ ಗೊತ್ತು. ಪೂರಾ ತಿರಗಿ ನೋಡೂದ್ರಾಗ ನೀವು ಬಿದ್ದಿದ್ರಿ. ಆಮ್ಯಾಲೆ ಯಾರನ್ನ ಕೇಳ್ಲಿ? ಒಬ್ಬರ ಎಲಬ ಮುರದು, ಒದಿಕಿ ಹೆಂಗಿತ್ತು ಅಂತ ಕೇಳಾಕ ಬರತೈತೇನ್ರಿ?"

ಇಷ್ಟು ವರ್ಷ ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನಾನು ಕೈಚೀಲ ಕೆಳಗಿಟ್ಟು, ಮಷಿನ್ನಿಗೂ ಗಾದಿಯ ಸುರುಳಿಗಳಿಗೂ ನಡುವಿನ ಜಾಗದಲ್ಲಿ ನಿಂತೆ. ಸೀರೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಕಾಲೆತ್ತಿ ತೋರಿಸಿದೆ.

"ನೋಡು, ನಾ ಹಿಂಗ ಬಂದೆ. ನನ್ನ ಕಾಲ ಇನ್ನ ಮ್ಯಾಲಿತ್ತು. ನೀ ಹಿಂದ ಸರೀಲೇ ಇಲ್ಲ. ಮುಂದಿನ ಪಾದ ಅಷ್ಟ ತಿರುಗ್ತು, ನಿನ್ನ ಜಡಿ ಹಾರ್ತು. ಹೆಗಲ ಮ್ಯಾಲಿಂದ ನಿನ್ನ ಒಂದ ಕಣ್ಣ ಕಂಡ್ತು ನನಗ. ಅದು ಅಂಜಿದ್ದಿಲ್ಲ. ಆಮ್ಯಾಲೆ ಹಿಮ್ಮಡ ಬಂತು. ಅಡ್ಡ ಇಲ್ಲ, ಸೊಟ್ಟ ಇಲ್ಲ, ದಾರಾ ಹಿಡದಂಗ ನೆಟ್ಟಗ. ಬರೂದು ಕಂಡ್ತು, ತಪ್ಪಿಸಿಕೊಳ್ಳಾಕ ಎಲ್ಲೂ ಜಾಗಾ ಇದ್ದಿಲ್ಲ."

ಖೈರೂ ನನ್ನ ಪಾದವನ್ನೇ ನೋಡುತ್ತಿದ್ದಳು.

"ಒದ್ದ ಮ್ಯಾಲೆ ನಾ ಕಾಲ ಎಲ್ಲಿಟ್ಟೆ? ಬಿದ್ನೇನ್ರಿ?"

"ಇಲ್ಲ. ಮುಂದ ಇಟ್ಟು ನಿಂತಿ. ಕೈ ಎರಡೂ ಎದಿ ಮುಂದ ಇದ್ವು."

"ಮಾಸ್ತರ ಹೇಳಿದಂಗ?"

"ಮಾಸ್ತರ ಹೇಳಿದಂಗ."

ಅವಳು ಮಷಿನ್ನಿನ ಸೂಜಿಯನ್ನೇ ನೋಡುತ್ತ, ಅತ್ಯಂತ ಮೆಲ್ಲಗೆ ಕೇಳಿದಳು. "ಧಾರವಾಡದಾಗ ಆಗಿದ್ರ ಪಾಯಿಂಟ ಕೊಡತಿದ್ರೇನ್ರಿ?"

"ತಿರಗಿ ಒದ್ದದ್ದಕ್ಕ ಹೆಚ್ಚಿಗಿ. ನಾಕ ಪಾಯಿಂಟ."

"ನಾಕ," ಎಂದಳು.

ಅವಳ ಮುಖದಲ್ಲಿ ಬಂದದ್ದು ನಗುವೇ. ಅದು ಪೂರ್ತಿ ಅರಳುವ ಮೊದಲೇ ಕಣ್ಣು ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಂಡಳು. ಮತ್ತೊಮ್ಮೆ ಬರುತ್ತೀಯಾ ಎಂದು ಕೇಳಬೇಕೆನ್ನಿಸಿತು. ಆದರೆ ಎಲ್ಲಿಗೆ? ಮಾಸ್ತರರಿಲ್ಲ, ವಖಾರವಿಲ್ಲ. ನನ್ನ ಮಂಡಿಗಳು ನನ್ನವಲ್ಲ, ಅವಳವು ದಿನವಿಡೀ ಮಷಿನ್ ತುಳಿದು ಬಾತಿವೆ. ಅವಳೂ ಅದನ್ನೇ ಯೋಚಿಸಿರಬೇಕು, ಕಾಲನ್ನೊಮ್ಮೆ ನೀವಿಕೊಂಡು, "ಬ್ಲೌಸ್ ಬುಧವಾರ ಕೊಡತೇನ್ರಿ," ಎಂದಳು.

ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಓಣಿಯ ತಿರುವಿನವರೆಗೆ ನಡೆದರೂ ಹಿಂದಿನಿಂದ ಮಷಿನ್ನಿನ ಸದ್ದು ಕೇಳಿಸಲಿಲ್ಲ.